ತಮ್ಮ ಹುಟ್ಟಿದ ಮೇಲೆ ಮಗಳಿಗೆ ಬರೀ ಸಿಟ್ಟು: ಯಾವ ಚಿತ್ರಪುಸ್ತಕ ಓದಿ ಹೇಳಲಿ?

ದಾವಣಗೆರೆ_ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳಿಗೆ 4 ವರ್ಷ ತುಂಬಿದೆ. ಮನೆಗೆ ಪಾಪು ಬಂದಾಗಿನಿಂದ ಹುಡುಗಿ ಪೂರ್ತಿ ಬದಲಾಗಿಬಿಟ್ಟಿದ್ದಾಳೆ. ತಮ್ಮನ ಕೆನ್ನೆ ಸವರ್ತಾ ಸವರ್ತಾನೇ ಚಿವುಟ್ತಾಳೆ. ಗದರಿದರೆ ಬೀರು ಪಕ್ಕ ಹೋಗಿ ಗೋಡೆ ಕಡೆ ಮುಖ ಮಾಡಿ ಕೂತ್ಕೋತಾಳೆ. ಯಾಕೆ ಪುಟ್ಟಿ ಅಂದ್ರೆ "ಏನಿಲ್ಲ" ಅನ್ನೋದೊಂದೇ ಉತ್ತರ. ದೃಷ್ಟಿಯಾಗಿದೆ ಅಂತ ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿದ್ದೂ ಆಯ್ತು.

ಪುಸ್ತಕ ಮೇಳದಲ್ಲಿ ಸಿಟ್ಟಿನ ಬಗ್ಗೆ ಇರೋ ಒಂದು ಮಕ್ಕಳ ಪುಸ್ತಕ ಸಿಕ್ತು ಅಂತ ತಂದೆ. ಅದರಲ್ಲಿ ಸಿಟ್ಟು ಮಾಡೋ ಹುಡುಗನಿಗೆ ತಲೆ ಮೇಲೆ ಕೊಂಬು ಬರುತ್ತೆ, ಯಾರೂ ಆಟಕ್ಕೆ ಸೇರಿಸಲ್ಲ, ಕೊನೇ ಪುಟದಲ್ಲಿ ಕೈ ಮುಗಿದು "ಇನ್ಮೇಲೆ ಸಿಟ್ಟು ಮಾಡಲ್ಲ" ಅಂತಾನೆ. ಅವತ್ತು ರಾತ್ರಿ ಮಲಗೋ ಮುಂಚೆ ನನ್ನ ಮಗಳು ಕೂದಲೊಳಗೆ ಬೆರಳಾಡಿಸಿ ಕೊಂಬು ಬಂದಿದೆಯಾ ಅಂತ ಹುಡುಕ್ತಿದ್ಲು. ಪುಸ್ತಕ ಈಗ ಅಟ್ಟದ ಮೇಲಿದೆ.

ಬುದ್ಧಿ ಹೇಳದೆ, ಹೆದರಿಸದೆ, ಮಗುವಿಗೆ ತನ್ನೊಳಗೆ ಏನಾಗ್ತಿದೆ ಅಂತ ತೋರಿಸೋ ಪುಸ್ತಕ ಇದ್ರೆ ಹೇಳಿ. ಕನ್ನಡದಲ್ಲಿದ್ರೆ ತುಂಬಾ ಒಳ್ಳೇದು.

ಕರಾವಳಿ_ಕಡಲು

ಎಂತ ಮಾರಾಯ್ರೆ, ಸಿಟ್ಟಿಗೂ ಈಗ ಪುಸ್ತಕ ಬೇಕಾ? ನಾವು ಮನೆಯಲ್ಲಿ ಐದು ಜನ ಮಕ್ಕಳು. ಕಿರಿಯವ ಹುಟ್ಟಿದಾಗ ಹಿರಿಯವನ ಮನಸ್ಸಿಗೆ ಏನಾಯ್ತು ಅಂತ ಯಾರೂ ಕೇಳ್ಲಿಲ್ಲ. ಅಜ್ಜಿ ಕಥೆ ಹೇಳ್ತಿದ್ರು, ಕೇಳಿ ಮಲಗ್ತಿದ್ದೆವು. ಎರಡು ತಿಂಗಳು ಬಿಡಿ, ತನ್ನಷ್ಟಕ್ಕೇ ಸರಿಯಾಗ್ತದೆ.

ಪುಟ್ಟನಪ್ಪ

@ದಾವಣಗೆರೆ_ಅಮ್ಮ, ನೀವು ಹೇಳಿದ ಸಂಗತಿಗೆ ಹೇಳಿ ಮಾಡಿಸಿದಂಥ ಪುಸ್ತಕ ಒಂದಿದೆ, ಆದರೆ ಇಂಗ್ಲಿಷಿನದು: 'ಪೀಟರ್ಸ್ ಚೇರ್'. ಬರೆದು ಚಿತ್ರ ಮಾಡಿದವರು ಅಮೆರಿಕದ ಎಜ್ರಾ ಜ್ಯಾಕ್ ಕೀಟ್ಸ್, 1967ರಲ್ಲಿ ಬಂದದ್ದು.

ಪೀಟರ್‌ಗೆ ತಂಗಿ ಹುಟ್ಟಿದ್ದಾಳೆ. ಅವನ ತೊಟ್ಟಿಲಿಗೆ ಗುಲಾಬಿ ಬಣ್ಣ ಬಳಿದಾಗಿದೆ. ಊಟದ ಎತ್ತರದ ಕುರ್ಚಿಗೆ ಅಪ್ಪ ಬಣ್ಣ ಬಳೀತಾ ನಿಂತಿದ್ದಾನೆ. ಇವನು ಜೋರಾಗಿ ಆಟ ಆಡಿದ್ರೆ ಅಮ್ಮ "ಮೆಲ್ಲಗೆ, ಪಾಪು ಇದೆ" ಅಂತಾಳೆ. ಇನ್ನೂ ಬಣ್ಣ ಕಾಣದೆ ಉಳಿದಿರೋದು ಅವನ ಒಂದು ಪುಟ್ಟ ನೀಲಿ ಕುರ್ಚಿ. ಅದನ್ನೆತ್ತಿಕೊಂಡು ನಾಯಿ ಜೊತೆ ಮನೆ ಬಿಟ್ಟು ಹೊರಡ್ತಾನೆ. ಹೊರಡೋದು ಅಂದ್ರೆ ಮನೆ ಬಾಗಿಲ ಆಚೆಗೆ, ಅಷ್ಟೇ! ಜೊತೆಗೆ ಬಿಸ್ಕತ್ತು, ಆಟಿಕೆ ಮೊಸಳೆ, ಆಮೇಲೆ ತಾನು ಪಾಪು ಆಗಿದ್ದಾಗಿನ ಒಂದು ಫೋಟೋ. ಆ ಫೋಟೋ ನೋಡಿ ನನಗಂತೂ ಹೊಟ್ಟೆಯಲ್ಲಿ ಏನೋ ಆಯ್ತು. "ನಾನೂ ಪಾಪು ಆಗಿದ್ದೆ, ಆಗ ನೀವೆಲ್ಲ ನನ್ನನ್ನೇ ನೋಡ್ತಿದ್ರಿ" ಅಂತ ಹೇಳೋಕೆ ಆ ಹುಡುಗನಿಗೆ ಮಾತಿಲ್ಲ, ಫೋಟೋ ಹಿಡ್ಕೊಂಡು ಹೋಗ್ತಾನೆ.

ಆಮೇಲೆ ಆ ಕುರ್ಚಿಯಲ್ಲಿ ಕೂರೋಕೆ ಹೋದ್ರೆ ಹಿಡಿಸೋದಿಲ್ಲ, ಬೆಳೆದುಬಿಟ್ಟಿದ್ದಾನೆ. ಅಮ್ಮ ಊಟಕ್ಕೆ ಕರೆದಾಗ ಕೇಳಿಸದವನ ಹಾಗೆ ಇರ್ತಾನೆ. ಸ್ವಲ್ಪ ಹೊತ್ತಿಗೆ ಪರದೆ ಕೆಳಗೆ ಅವನ ಬೂಟು ಕಾಣುತ್ತೆ. ಸಿಕ್ಕಿಬಿದ್ದ ಕಳ್ಳ ಅಂತ ಅಮ್ಮ ನಗ್ತಾ ಪರದೆ ಸರಿಸಿದ್ರೆ ಬರೀ ಬೂಟು, ಹುಡುಗ ಬೇರೆ ಕಡೆ ಅಡಗಿದ್ದಾನೆ. ಕೊನೆಗೆ ತಾನೇ ಅಪ್ಪನ ಹತ್ತಿರ ಹೋಗಿ, ತಂಗಿಗೆ ಕೊಡೋಕೆ ಆ ಕುರ್ಚಿಗೂ ಬಣ್ಣ ಬಳಿಯೋಣ ಅಂತಾನೆ. ಇಡೀ ಪುಸ್ತಕದಲ್ಲಿ "ತಂಗಿಯನ್ನು ಪ್ರೀತಿಸಬೇಕು" ಅಂತ ಯಾರೂ ಒಂದು ಮಾತು ಆಡಲ್ಲ.

ನಾನು ಇಂಗ್ಲಿಷ್ ಸಾಲುಗಳನ್ನು ಓದೋ ಗೋಜಿಗೇ ಹೋಗಲ್ಲ. ಚಿತ್ರ ತೋರಿಸ್ತಾ ನಮ್ಮನೆ ಕನ್ನಡದಲ್ಲಿ ಹೇಳ್ತೀನಿ.

ಟೀಚರಮ್ಮ_ಹಾವೇರಿ

ಪುಟ್ಟನಪ್ಪ ಅವರ, ಕಥಿ ಭಾಳ ಚೊಲೊ ಐತ್ರಿ. ಆದ್ರ ಇಂಗ್ಲಿಷ್ ಪುಸ್ತಕ 400-500 ರೂಪಾಯಿ ಇರ್ತಾವಲ್ಲ, ನಮ್ಮಂಥಾವ್ರು ಎಲ್ಲಿಂದ ತರೋದು? ನಾನು ಅಂಗನವಾಡಿ ಕಾರ್ಯಕರ್ತೆ. ಇಪ್ಪತ್ತೈದು ಹುಡುಗ್ರ ಮುಂದ ಒಂದು ಪುಸ್ತಕ ಹಿಡದ್ರ ಹಿಂದಿನವ್ಕ ಚಿತ್ರಾನ ಕಾಣೂದಿಲ್ಲ. ಆ ಪುಸ್ತಕಾನೂ ಒಂದ ವಾರಕ್ಕ ಹರದ ಚಿಂದಿ ಆಗಿರ್ತದ.

ದಾವಣಗೆರೆ ಅಕ್ಕಾರ, ನಿಮ್ಮ ಕೊಂಬಿನ ಪುಸ್ತಕದಂಥವು ನಮ್ಮಲ್ಲೂ ಬಂದಾವ್ರಿ. ಅವನ್ನ ಓದಿದ್ರ ಹುಡುಗ್ರು ಒಬ್ರಿಗೊಬ್ರು "ಏ, ನಿನಗ ಕೊಂಬ ಬರ್ತಾವ" ಅಂತ ಕಾಡಿಸಾಕ ಹತ್ತತಾವ. ಸಿಟ್ಟು ಹೋಗೂದಿಲ್ಲ, ಬೈಯಾಕ ಹೊಸಾದೊಂದು ಸಿಕ್ಕಂಗ ಆಗ್ತದ ಅಷ್ಟ.

ಎಡಿಸನ್_ಕನ್ನಡತಿ

@ಟೀಚರಮ್ಮ_ಹಾವೇರಿ, ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್ ನೋಡಿದ್ದೀರಾ? ಪ್ರಥಮ್ ಬುಕ್ಸ್ 2004ರಲ್ಲಿ ಶುರುವಾದ ಬೆಂಗಳೂರಿನ ಸಂಸ್ಥೆ. 2015ರಿಂದ ತಮ್ಮ ಕಥೆಗಳನ್ನು ಆನ್‌ಲೈನ್‌ನಲ್ಲಿ ಪುಕ್ಕಟೆ ಇಟ್ಟಿದ್ದಾರೆ. ಮುಕ್ತ ಪರವಾನಗಿ ಇರೋದ್ರಿಂದ ಡೌನ್‌ಲೋಡ್ ಮಾಡಬಹುದು, ಪ್ರಿಂಟ್ ತೆಗೀಬಹುದು, ಬೇರೆ ಭಾಷೆಗೆ ಅನುವಾದ ಮಾಡಿ ಅಲ್ಲೇ ಹಾಕಬಹುದು. ಲೇಖಕರ, ಚಿತ್ರಕಾರರ ಹೆಸರು ಮಾತ್ರ ತೆಗೀಬಾರದು. ಕನ್ನಡದಲ್ಲಿ ಸಾಕಷ್ಟು ಕಥೆಗಳಿವೆ. ಓದುವ ಮಟ್ಟ 1ರಿಂದ 4ರವರೆಗೆ ವಿಂಗಡಿಸಿದ್ದಾರೆ; ನಿಮ್ಮ ಮಕ್ಕಳಿಗೆ 1 ಸಾಕು, ಒಂದು ಪುಟಕ್ಕೆ ಒಂದೆರಡು ಸಾಲು ಇರುತ್ತೆ.

ನ್ಯೂಜೆರ್ಸಿಯಲ್ಲಿ ಕೂತು ನನ್ನ ಮಗನಿಗೆ ಕನ್ನಡದಲ್ಲಿ ಓದಿ ಹೇಳ್ತಿರೋದು ಇದರಿಂದಾನೇ. ಅವನು ಸ್ಕೂಲಿನಿಂದ ಕಲಿತು ಬಂದ ಭಾವನೆಗಳೆಲ್ಲ ಇಂಗ್ಲಿಷಿನವು. ಅಜ್ಜಿ ಜೊತೆ ವಿಡಿಯೋ ಕಾಲ್‌ನಲ್ಲಿ ಜಗಳ ಆದ್ರೆ ಮಾತ್ರ ಅಚ್ಚ ಕನ್ನಡ ಬರುತ್ತೆ.

ಕರಾವಳಿ_ಕಡಲು

ಯಾರೂ ನನಗೆ ಉತ್ತರ ಕೊಡ್ಲಿಲ್ಲ. ನಮ್ಮಲ್ಲಿ ಪುಣ್ಯಕೋಟಿ ಇಲ್ವಾ? ಅದಕ್ಕಿಂತ ಭಾವನೆ ಬೇಕಾ? ನನ್ನ ಅಜ್ಜಿ ಹಾಡಿದ್ರೆ ನಾವೆಲ್ಲ ಸಾಲಾಗಿ ಅಳ್ತಿದ್ದೆವು. ಜಿ.ಪಿ. ರಾಜರತ್ನಂ ಅವರ ತುತ್ತೂರಿ ಪದ್ಯ ಉಂಟು. ಪಂಜೆಯವರು ಇದ್ದಾರೆ. ಇದನ್ನೆಲ್ಲ ಬಿಟ್ಟು ಅಮೆರಿಕದ ಕುರ್ಚಿಗೆ ಯಾಕೆ ಹೋಗ್ತೀರಿ?

ಮೈಸೂರು_ಆಪ್ತಮಾತು

ನಾನು ಶಾಲೆಯೊಂದರಲ್ಲಿ ಆಪ್ತಸಮಾಲೋಚಕಿ. @ಕರಾವಳಿ_ಕಡಲು ಸರ್, ಪುಣ್ಯಕೋಟಿ ವಿಷಯದಲ್ಲಿ ನಾನು ನಿಮ್ಮ ಪಕ್ಷ. ಆದರೆ ಆ ಹಾಡಿನ ಬಗ್ಗೆ ನಾವು ಮಕ್ಕಳಿಗೆ ಏನು ಕೇಳ್ತೀವಿ ಅನ್ನೋದನ್ನ ನೋಡಿ. "ಇದರ ನೀತಿ ಏನು?" "ಸತ್ಯ ಹೇಳಬೇಕು ಮಿಸ್." ಮುಗೀತು. ಆ ಹಾಡಿನಲ್ಲಿ ಕರು ಇದೆಯಲ್ಲ, ತನಗೆ ಇನ್ನು ಹಾಲು ಕೊಡೋರು ಯಾರು, ತಾನು ಯಾರ ಹತ್ತಿರ ಮಲಗಲಿ ಅಂತ ತಾಯಿಯನ್ನು ಕೇಳುತ್ತೆ. ತಾಯಿ ಹೋಗಿ ಉಳಿದ ಹಸುಗಳಿಗೆ ಹೇಳ್ತಾಳೆ: ಈ ತಬ್ಬಲಿ ನಿಮ್ಮ ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಅಂತ. ನಾಲ್ಕು ವರ್ಷದ ಮಗುವಿಗೆ ಕಥೆ ಇರೋದೇ ಅಲ್ಲಿ. ಹುಲಿಗೆ ಕೊಟ್ಟ ಮಾತು ದೊಡ್ಡವರ ವ್ಯವಹಾರ. "ಆ ಹೊತ್ತಲ್ಲಿ ಕರುವಿಗೆ ಏನನ್ನಿಸಿರಬಹುದು?" ಅಂತ ಒಂದು ಸಲ ಕೇಳಿ, ಮಕ್ಕಳು ಏನೆಲ್ಲ ಹೇಳ್ತಾರೆ ನೋಡಿ.

ತುತ್ತೂರಿ ಪದ್ಯವೂ ಹಾಗೇ. ಜಂಬ ಪಟ್ಟವನಿಗೆ ತಕ್ಕ ಶಾಸ್ತಿ ಆಯ್ತು ಅಂತ ನಗಿಸಿಬಿಡ್ತೀವಿ. ಆದ್ರೆ ಹೊಸ ಆಟಿಕೆ ನೀರಿಗೆ ಬಿದ್ದು ಬಣ್ಣ ಹೋಯ್ತಲ್ಲ, ಆ ಕಸ್ತೂರಿ ಮನೆಗೆ ಹೇಗೆ ಹೋಗಿರಬಹುದು? ಪದ್ಯ ಅದನ್ನ ಹೇಳಲ್ಲ, ನಾವು ಕೇಳಬಹುದು.

ಇದು ಬರೀ ನನ್ನ ಅನಿಸಿಕೆ ಅಲ್ಲ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸೀಲಿಯಾ ಬ್ರೌನೆಲ್ ಮತ್ತವರ ಸಂಗಡಿಗರು 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದೂವರೆಯಿಂದ ಎರಡೂವರೆ ವರ್ಷದ ಮಕ್ಕಳ ಜೊತೆ ಹೆತ್ತವರು ಚಿತ್ರಪುಸ್ತಕ ಓದೋದನ್ನ ಗಮನಿಸಿ, ಆ ಮಕ್ಕಳು ಎಷ್ಟು ಹಂಚಿಕೊಳ್ತಾರೆ, ಎಷ್ಟು ನೆರವಿಗೆ ಬರ್ತಾರೆ ಅಂತ ನೋಡಿದರು. ಬೇಗ ನೆರವಿಗೆ ಬಂದ, ಹೆಚ್ಚು ಹಂಚಿಕೊಂಡ ಮಕ್ಕಳ ಹೆತ್ತವರಲ್ಲಿ ಒಂದು ಅಭ್ಯಾಸ ಕಂಡುಬಂತು: ಚಿತ್ರದಲ್ಲಿರೋ ಭಾವನೆ ಯಾವುದು, ಯಾಕೆ ಬಂತು ಅಂತ ಮಗುವಿನ ಬಾಯಿಂದ ಹೇಳಿಸೋದು. ತಾವೇ "ನೋಡು, ಅವನಿಗೆ ದುಃಖ ಆಗಿದೆ" ಅಂತ ವಿವರಿಸೋದಕ್ಕೆ ಆ ನಂಟು ಕಾಣಲಿಲ್ಲ.

@ದಾವಣಗೆರೆ_ಅಮ್ಮ, ನಿಮ್ಮ ಮಗಳು ಮುದ್ದು ಮಾಡ್ತಾನೇ ಚಿವುಟೋದು ನಾಟಕ ಅಲ್ಲ. ತಮ್ಮನ ಮೇಲೆ ಪ್ರೀತಿನೂ ಇದೆ, ಸಂಕಟನೂ ಇದೆ. ಎರಡೂ ಒಟ್ಟಿಗೆ ಇರಬಹುದು ಅಂತ ಮಕ್ಕಳಿಗೆ ತಿಳಿಯೋದು ಸುಮಾರು ಎಂಟು-ಒಂಬತ್ತರ ಹೊತ್ತಿಗೆ. ಅದಕ್ಕೇ ಅವಳ ಉತ್ತರ "ಏನಿಲ್ಲ". ಜಗಳದ ಹೊತ್ತಲ್ಲಿ ಮಾತ್ರ ಪುಸ್ತಕ ತೆಗೀಬೇಡಿ. ಆಗ ತೆಗೆದ್ರೆ ಅದೂ ಒಂದು ಶಿಕ್ಷೆ ಆಗುತ್ತೆ. ಊಟ ಆಗಿ, ಪಾಪು ಮಲಗಿದ ಮೇಲೆ, ಅವಳೊಬ್ಬಳನ್ನೇ ತೊಡೆ ಮೇಲೆ ಕೂರಿಸಿಕೊಂಡು ಓದಿ. "ನೀನೂ ಹಿಂಗೇ ಮಾಡ್ತೀಯಲ್ಲ" ಅನ್ನೋ ಮಾತು ಮರೆತೂ ಬೇಡ.

ಬಣ್ಣದ_ಡಬ್ಬಿ

ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೀತೀನಿ. ಈ ಚರ್ಚೆಯಲ್ಲಿ ಎಲ್ಲರೂ ಕಥೆ ಬಗ್ಗೆನೇ ಮಾತಾಡ್ತಿದ್ದೀರಿ, ಚಿತ್ರದ ಬಗ್ಗೆ ಎರಡು ಮಾತು.

ಮಾಲಿ ಬ್ಯಾಂಗ್ ಅವರದ್ದು ಸೋಫಿ ಅನ್ನೋ ಹುಡುಗಿಯ ಸಿಟ್ಟಿನ ಪುಸ್ತಕ ಇದೆ, 1999ರದ್ದು. ಅಕ್ಕತಂಗಿಯರ ಮಧ್ಯೆ ಗೊರಿಲ್ಲಾ ಬೊಂಬೆಗೆ ಕಿತ್ತಾಟ. ಬೊಂಬೆ ಸೋಫಿ ಕೈಯಿಂದ ಹೋಗುತ್ತೆ, ಅವಳು ಒದ್ದು ಕಿರುಚಿ ರಂಪ ಮಾಡ್ತಾಳೆ, ಹೊರಗೆ ಓಡ್ತಾಳೆ, ಅಳ್ತಾಳೆ, ಒಂದು ದೊಡ್ಡ ಮರ ಹತ್ತಿ ಕೂತು ಸಮುದ್ರ ನೋಡ್ತಾಳೆ. ಆಮೇಲೆ ಮನೆಗೆ ಬರ್ತಾಳೆ. ಕಥೆ ಇಷ್ಟೇ. ಆದರೆ ಚಿತ್ರಗಳ ಅಂಚಿನ ಗೆರೆ ಗಮನಿಸಿ. ಸಿಟ್ಟು ಏರಿದ ಪುಟಗಳಲ್ಲಿ ಸೋಫಿಯ ಸುತ್ತ ದಪ್ಪ ಕೆಂಪು ಗೆರೆ, ಕೋಪ ಇಳೀತಾ ಇಳೀತಾ ಅದರ ಕಾವು ಇಳಿಯುತ್ತೆ, ಮರದ ಹತ್ತಿರ ತಣ್ಣನೆ ಹಸಿರು-ನೀಲಿ. ಓದೋಕೆ ಬರದ ಮಗು ಅದನ್ನ ಕಣ್ಣಲ್ಲೇ ಓದುತ್ತೆ.

ಮಾರಿಸ್ ಸೆಂಡಾಕ್ 1963ರಲ್ಲಿ ಮಾಡಿದ 'ವೇರ್ ದ ವೈಲ್ಡ್ ಥಿಂಗ್ಸ್ ಆರ್' ಇನ್ನೂ ಒಂದು ಹೆಜ್ಜೆ ಮುಂದೆ. ಮೊದಲ ಪುಟಗಳಲ್ಲಿ ಚಿತ್ರ ಪುಟ್ಟದು, ಸುತ್ತ ಬಿಳಿ ಜಾಗ. ತೋಳದ ವೇಷ ಹಾಕಿ ತುಂಟಾಟ ಮಾಡಿದ ಮ್ಯಾಕ್ಸ್‌ನನ್ನು ಅಮ್ಮ ಊಟ ಹಾಕದೆ ಕೋಣೆಗೆ ಕಳಿಸಿದ ಮೇಲೆ ಕೋಣೆಯೊಳಗೆ ಕಾಡು ಬೆಳೆಯುತ್ತೆ, ಚಿತ್ರಾನೂ ಬೆಳೀತಾ ಬೆಳೀತಾ ಬಿಳಿ ಜಾಗವನ್ನೆಲ್ಲ ನುಂಗುತ್ತೆ. ಅಲ್ಲಿ ಎದುರಾಗೋ ಭೂತಗಳ ಜೊತೆ ಮ್ಯಾಕ್ಸ್ ಕುಣಿಯೋ ಮೂರು ಜೋಡಿ ಪುಟಗಳಲ್ಲಿ ಒಂದಕ್ಷರವೂ ಇಲ್ಲ. ಸಿಟ್ಟು ಪೂರ್ತಿ ತುಂಬಿಕೊಂಡಾಗ ಮಾತು ಎಲ್ಲಿರುತ್ತೆ ಹೇಳಿ. ಮನೆಗೆ ವಾಪಸ್ ಬಂದ್ರೆ ಊಟ ಇಟ್ಟಿದೆ, ಬಿಸಿ ಆರಿಲ್ಲ. ಅಮ್ಮ ಯಾವ ಚಿತ್ರದಲ್ಲೂ ಕಾಣಲ್ಲ. ಆಗಿನ ಕಾಲದ ಕೆಲವರು ಮಕ್ಕಳು ಹೆದರ್ತಾರೆ ಅಂತ ತಕರಾರು ಎತ್ತಿದ್ರು. ಆದ್ರೆ 1964ರಲ್ಲಿ, ಚಿತ್ರಪುಸ್ತಕದ ಚಿತ್ರಗಳಿಗೆ ಅಮೆರಿಕದಲ್ಲಿ ಕೊಡೋ ಕಾಲ್ಡೆಕಾಟ್ ಪದಕ ಅದೇ ಪುಸ್ತಕಕ್ಕೆ ಬಂತು.

ನಮ್ಮಲ್ಲಿ ಚಿತ್ರ ಬರೆಯೋರಿಗೆ ಬರೋ ಸೂಚನೆ ಏನು ಗೊತ್ತಾ? "ಮಗು ನಗ್ತಾ ಇರ್ಲಿ, ಕೆನ್ನೆ ಕೆಂಪಗಿರ್ಲಿ, ಬಣ್ಣ ಜೋರಾಗಿರ್ಲಿ." ಅಳೋ ಮುಖ ಬರೆದು ಕಳಿಸಿದ್ರೆ ಎಷ್ಟೋ ಸಲ ತಿದ್ದೋಕೆ ವಾಪಸ್ ಬರುತ್ತೆ.

ಪುಟ್ಟನಪ್ಪ

ಬಣ್ಣ ಅಂದಾಗ ನೆನಪಾಯ್ತು. 'ಕಲರ್ ಮಾನ್ಸ್ಟರ್' ಅಂತ ಆನಾ ಯೆನಾಸ್ ಅವರ ಪುಸ್ತಕ, ಮೂಲ ಸ್ಪ್ಯಾನಿಷ್, 2012. ಪ್ರೀಸ್ಕೂಲ್‌ಗಳಲ್ಲಿ ಈಗ ಇದರದ್ದೇ ಕಾರುಬಾರು. ಭಾವನೆಗಳೆಲ್ಲ ಕಲಸುಮೇಲೋಗರ ಆಗಿರೋ ಒಂದು ಭೂತ, ಅದಕ್ಕೆ ಒಬ್ಬ ಹುಡುಗಿ ಒಂದೊಂದು ಬಣ್ಣವನ್ನ ಒಂದೊಂದು ಗಾಜಿನ ಜಾಡಿಗೆ ತುಂಬಿಸೋಕೆ ಸಹಾಯ ಮಾಡ್ತಾಳೆ. ಹಳದಿ ಖುಷಿ, ನೀಲಿ ದುಃಖ, ಕೆಂಪು ಸಿಟ್ಟು, ಕಪ್ಪು ಹೆದರಿಕೆ, ಹಸಿರು ಸಮಾಧಾನ. ಚಿತ್ರ ಸೊಗಸಾಗಿವೆ, ಆದರೆ ನನಗೆ ಅಷ್ಟಕ್ಕಷ್ಟೇ.

ಎಡಿಸನ್_ಕನ್ನಡತಿ

ಅಯ್ಯೋ, ನಮ್ಮನೆಯಲ್ಲಿ ಅದು ದೊಡ್ಡ ಹಿಟ್. ಯಾಕೆ ಅಷ್ಟಕ್ಕಷ್ಟೇ?

ಪುಟ್ಟನಪ್ಪ

ಕೆಂಪು ಅಂದ್ರೆ ಸಿಟ್ಟು ಅಂತ ಓದಿದ್ದಕ್ಕೆ ನನ್ನ ಮಗ ಗೌರಿ ಹಬ್ಬಕ್ಕೆ ಕೆಂಪು ಸೀರೆ ಉಟ್ಟ ಅಮ್ಮನ ಹತ್ತಿರ "ಯಾಕೆ ಸಿಟ್ಟು?" ಅಂತ ಹೋಗಿ ಕೇಳಿದ. ಕುಂಕುಮ ಕೆಂಪು, ದಾಸವಾಳ ಕೆಂಪು. ಇಲ್ಲಿ ಬೆಳೆಯೋ ಮಗುವಿಗೆ ಈ ಲೆಕ್ಕ ಹೊಂದಲ್ಲ. ಇನ್ನೊಂದು, ಟೀಚರ್‌ಗಳು ಇದನ್ನ ಪರೀಕ್ಷೆ ಮಾಡಿಬಿಡ್ತಾರೆ: "ಇವತ್ತು ನೀನು ಯಾವ ಬಣ್ಣ?" ಮಗು ಟೀಚರ್‌ಗೆ ಬೇಕಾದ ಉತ್ತರ ಕಲಿಯುತ್ತೆ.

ಬಣ್ಣದ_ಡಬ್ಬಿ

ಬಣ್ಣ ನೀವೇ ಹೇಳಿಕೊಟ್ರೆ ಹಾಗಾಗುತ್ತೆ. ಖಾಲಿ ಜಾಡಿ ಬರೆದುಕೊಟ್ಟು, ಯಾವುದಕ್ಕೆ ಯಾವ ಬಣ್ಣ ಅಂತ ಮಗುವೇ ತುಂಬಲಿ. ಒಬ್ಬ ಹುಡುಗ ನನ್ನ ಕಾರ್ಯಾಗಾರದಲ್ಲಿ ಹೆದರಿಕೆಗೆ ಬಿಳಿ ಹಾಕಿದ. ಆಸ್ಪತ್ರೆ ಗೋಡೆ ಅಂದ.

ಟೀಚರಮ್ಮ_ಹಾವೇರಿ

ಒಂದ ಪ್ರಶ್ನಿ. ಪ್ರಾಣಿ ಕಥಿ ಛಲೋನೋ, ಮನಷ್ಯಾರ ಕಥಿ ಛಲೋನೋ? ನಮ್ಮ ಹುಡುಗ್ರು ಆನಿ, ಮಂಗ್ಯಾ ಅಂದ್ರ ಕುಣಿತಾವ.

ಮೈಸೂರು_ಆಪ್ತಮಾತು

ಟೊರಾಂಟೊ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಗನಿಯಾ ಅವರ ತಂಡ ಇದನ್ನೇ ಪರೀಕ್ಷೆ ಮಾಡಿತ್ತು ಮೇಡಂ. ಹಂಚಿಕೊಳ್ಳೋ ಬಗ್ಗೆ ಇರೋ ಒಂದೇ ಕಥೆ. ನಾಲ್ಕರಿಂದ ಆರು ವರ್ಷದ ಕೆಲವು ಮಕ್ಕಳಿಗೆ ಅದನ್ನ ಬಟ್ಟೆ ತೊಟ್ಟ ಪ್ರಾಣಿಗಳ ಚಿತ್ರದ ಜೊತೆ ಓದಿದ್ರು, ಇನ್ನು ಕೆಲವರಿಗೆ ಮನುಷ್ಯರ ಚಿತ್ರದ ಜೊತೆ. ಮನುಷ್ಯರ ಕಥೆ ಕೇಳಿದವರು ಆಮೇಲೆ ತಮ್ಮ ಸ್ಟಿಕರ್‌ಗಳನ್ನ ಹೆಚ್ಚು ಹಂಚಿಕೊಂಡ್ರು, ಪ್ರಾಣಿಗಳ ಕಥೆ ಕೇಳಿದವರಲ್ಲಿ ಆ ಬದಲಾವಣೆ ಬರಲಿಲ್ಲ. ಕಥೆಯಲ್ಲಿರೋದು ತನ್ನ ಥರದ್ದೇ ಜೀವ ಅಂತ ಮಗುವಿಗೆ ಅನ್ನಿಸಿದ್ರೆ ಪಾಠ ತಾಗುತ್ತೆ ಅಂತ ಅವರ ವಾದ.

ಆದರೆ ನನ್ನ ಅನುಭವ ಸ್ವಲ್ಪ ಬೇರೆ. ನೋವು ತೀರಾ ಹತ್ತಿರದ್ದಾಗಿದ್ರೆ, ಮನೆಯಲ್ಲಿ ಸಾವಾಗಿದ್ರೆ, ಅಪ್ಪ ಅಮ್ಮ ಜಗಳ ಆಡ್ತಿದ್ರೆ, ಮಗು ಮನುಷ್ಯರ ಕಥೆಗೆ ಬಾಯಿ ಬಿಡಲ್ಲ, ಮೊಲದ ಕಥೆಗೆ ಬಿಡುತ್ತೆ. ಮಂಗ್ಯಾನ್ನ ಬಿಡಬೇಡಿ!

ಕರಾವಳಿ_ಕಡಲು

ಅಂದ್ರೆ ಪಂಚತಂತ್ರ ಪೂರ್ತಿ ವ್ಯರ್ಥ ಅಂತ ಆಯ್ತಾ? 😄 ಸರಿ, ಕರುವಿನ ವಿಷಯ ನೀವು ಹೇಳಿದ್ದು ಒಪ್ಪಿದೆ. ನಿನ್ನೆ ಮೊಮ್ಮಗಳಿಗೆ ಹಾಡಿದೆ, ಕೇಳಿದೆ. "ಕರುವಿಗೆ ಹುಲಿ ಮೇಲೆ ಅಲ್ಲ, ಅಮ್ಮನ ಮೇಲೇ ಕೋಪ ಬಂದಿರ್ತದೆ" ಅಂತ ಹೇಳಿದ್ಳು. ಇಷ್ಟು ವರ್ಷ ಹಾಡಿದ್ದೇನೆ, ಈ ಯೋಚನೆ ನನ್ನ ತಲೆಗೆ ಹೊಳೆದದ್ದಿಲ್ಲ.

ಆದ್ರೂ ಒಂದು ಮಾತು. ಪುಸ್ತಕ ಇಲ್ಲದೆಯೂ ಇದು ಆಯ್ತಲ್ಲ?

ಬಣ್ಣದ_ಡಬ್ಬಿ

ಆಯ್ತು ಸರ್, ಒಪ್ಪಿದೆ. ಆದರೆ ನೀವು ಹಾಡಿ ಮುಗಿಸಿದ ಮೇಲೆ ಮೊಮ್ಮಗಳು ಒಬ್ಬಳೇ ಕೂತು ಕರುವಿನ ಮುಖ ಮತ್ತೆ ನೋಡಬೇಕು ಅಂದ್ರೆ ಪುಸ್ತಕವೇ ಬೇಕು. ಮಕ್ಕಳು ಒಂದೇ ಪುಟವನ್ನ ಎಷ್ಟು ಸಲ ತಿರುವಿ ತಿರುವಿ ನೋಡ್ತಾರೆ ಅಂತ ನಿಮಗೂ ಗೊತ್ತು.

ಹಳ್ಳಿ_ಲೈಬ್ರರಿ

ಖರ್ಚಿನ ಮಾತು ಬಂದಿದ್ದಕ್ಕೆ ಹೇಳ್ತೀನಿ. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಶಾಲೆ ಮಕ್ಕಳಿಗೆ ಸದಸ್ಯತ್ವ ಉಚಿತ. ಮನೆಯಲ್ಲಿ ದೊಡ್ಡ ಮಗು ಇದ್ರೆ ಅದರ ಹೆಸರಲ್ಲಿ ಚಿಕ್ಕದಕ್ಕೂ ಪುಸ್ತಕ ತರಬಹುದು. ಚೆನ್ನೈನ ತೂಲಿಕಾದವರು ಕನ್ನಡ-ಇಂಗ್ಲಿಷ್ ಜೋಡಿ ಭಾಷೆಯಲ್ಲಿ ಚಿತ್ರಪುಸ್ತಕ ಮಾಡ್ತಾರೆ, ಪೇಪರ್‌ಬ್ಯಾಕ್, ವಿದೇಶದ ಪುಸ್ತಕಗಳಿಗೆ ಹೋಲಿಸಿದ್ರೆ ಅಗ್ಗ. ಅವರದ್ದೇ ಪ್ರಿಯಾ ಕುರಿಯನ್ ಅವರ 'ಅಮ್ಮಚ್ಚೀಸ್ ಗ್ಲಾಸಸ್' ಅಂತ ಇದೆ. ಮಾತೇ ಇಲ್ಲದ ಪುಸ್ತಕ, ಕನ್ನಡಕ ಕಳೆದುಕೊಂಡ ಅಜ್ಜಿಯ ಫಜೀತಿ. ಭಾವನೆ ಕಲಿಸೋಕೆ ಅಂತ ಮಾಡಿದ್ದಲ್ಲ. ಆದ್ರೂ ನಮ್ಮ ಲೈಬ್ರರಿಯಲ್ಲಿ ಆ ಅಜ್ಜಿಗೆ ಗಾಬರಿನಾ ಸಿಟ್ಟಾ ಅಂತ ಮಕ್ಕಳು ಜಗಳ ಆಡಿದಷ್ಟು ಇನ್ಯಾವ ಪುಸ್ತಕಕ್ಕೂ ಆಡಿಲ್ಲ.

ದಾವಣಗೆರೆ_ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪೀಟರ್ ಪುಸ್ತಕ ಇನ್ನೂ ಬಂದಿಲ್ಲ, ಆದರೆ ಕಥೆ ಹೇಳೋಕೆ ಕಾಯಲಿಲ್ಲ. ಅವಳದ್ದೇ ಹಳೇ ಆಲ್ಬಮ್ ತೆಗೆದು, ತೊಟ್ಟಿಲು ಶಾಸ್ತ್ರದ ಫೋಟೋ ತೋರಿಸ್ತಾ ಹೇಳಿದೆ. ಆ ಫೋಟೋದಲ್ಲಿರೋ ತೊಟ್ಟಿಲಲ್ಲೇ ಈಗ ತಮ್ಮ ಮಲಗ್ತಾನೆ. "ಇದು ನಂದು" ಅಂದ್ಲು. ಹೌದು ನಿಂದೇ ಅಂದೆ. ಪೀಟರ್ ಕೊನೆಗೆ ಕುರ್ಚಿ ಕೊಟ್ಟ ಅಂದಾಗ ಮಾತ್ರ ಒಪ್ಪಲಿಲ್ಲ. "ಕೊಡಬಾರ್ದಿತ್ತು. ಅವನಿಗೆ ಬುದ್ಧಿ ಇಲ್ಲ." ನಾನು ತಿದ್ದೋಕೆ ಹೋಗಲಿಲ್ಲ. ಆಪ್ತಮಾತು ಮೇಡಂ, ಅದು ಸರಿ ತಾನೆ? ಚಿವುಟೋದು ನಿಂತಿಲ್ಲ. ಆದರೆ ನಿನ್ನೆ ಚಿವುಟೋ ಮುಂಚೆ ಬಂದು "ಅಮ್ಮ, ನಂಗೆ ಚಿವುಟಬೇಕು ಅನ್ಸ್ತಿದೆ" ಅಂತ ಹೇಳಿದ್ಲು. ನಗಬೇಕೋ ಅಳಬೇಕೋ ತಿಳೀಲಿಲ್ಲ.

ಮೈಸೂರು_ಆಪ್ತಮಾತು

ತಿದ್ದದೇ ಇದ್ದದ್ದೇ ಸರಿ. ಮುಂದಿನ ಸಲ "ನೀನಾಗಿದ್ರೆ ಕುರ್ಚಿ ಏನ್ಮಾಡ್ತಿದ್ದೆ?" ಅಂತ ಕೇಳಿ ನೋಡಿ. ಬಂದು ಹೇಳಿದಳಲ್ಲ, ಆಗ ಪಾಪುವನ್ನು ಬೇರೆಯವರ ಕೈಗೆ ಕೊಟ್ಟು ಐದು ನಿಮಿಷ ಅವಳ ಜೊತೆ ಕೂತ್ಕೊಳ್ಳಿ. ಬೈಗುಳನೂ ಬೇಡ, ಶಹಬ್ಬಾಸ್‌ಗಿರಿನೂ ಬೇಡ. ನಿದ್ದೆ, ಊಟ ತಪ್ಪಿದ್ರೆ, ಅಥವಾ ತಿಂಗಳುಗಟ್ಟಲೆ ಹೀಗೇ ಇದ್ರೆ, ಮಕ್ಕಳ ವೈದ್ಯರ ಹತ್ತಿರ ಒಮ್ಮೆ ಮಾತಾಡಿ. ಪುಸ್ತಕಕ್ಕೂ ಒಂದು ಮಿತಿ ಇದೆ.

ಟೀಚರಮ್ಮ_ಹಾವೇರಿ

ಎಡಿಸನ್ ಅಕ್ಕಾರ, ನೀವು ಹೇಳಿದಲ್ಲಿ ಒಂದು ಕಥಿ ಡೌನ್‌ಲೋಡ್ ಮಾಡೇನ್ರಿ. ಕಪ್ಪು-ಬಿಳಿ ಜೆರಾಕ್ಸ್ ತಗದ್ರ ಮುಖಾ ಎಲ್ಲಾ ಮಸಿ ಮಸಿ ಆಗ್ಯಾವ. ಅಳಾಕತ್ತೈತೋ ನಗಾಕತ್ತೈತೋ ಗೊತ್ತಾಗವಲ್ದು. ಏನ್ ಮಾಡ್ಲಿ?

ಬಣ್ಣದ_ಡಬ್ಬಿ

ಎಲ್ಲಾ ಪುಟ ಕಲರ್ ಬೇಡ ಮೇಡಂ, ದುಬಾರಿ. ಮುಖ ದೊಡ್ಡದಾಗಿ ಕಾಣೋ ಎರಡೋ ಮೂರೋ ಪುಟ ಆರಿಸಿ, ಅಷ್ಟನ್ನ ಮಾತ್ರ ಎ3 ಸೈಜಿನಲ್ಲಿ ಕಲರ್ ಪ್ರಿಂಟ್ ತೆಗೆಸಿ, ಲ್ಯಾಮಿನೇಟ್ ಮಾಡಿಸಿ. ಹಿಂದೆ ಕೂತ ಮಕ್ಕಳಿಗೂ ಕಾಣುತ್ತೆ, ಹರಿಯೋದೂ ಇಲ್ಲ. ಉಳಿದ ಕಥೆ ನೀವೇ ಬಾಯಲ್ಲಿ ಹೇಳಿ. ಯಾವ ಕಥೆ ಅಂತ ಇಲ್ಲಿ ಬರೆದ್ರೆ ಯಾವ ಪುಟ ತೆಗೆಸಬೇಕು ಅಂತ ನೋಡಿ ಹೇಳ್ತೀನಿ.